ಹಿಂದಿನ ಸೀಟಿನ ಎರಡು ಕೈಗಳು

ವಿಮಾನ ಮತ್ತೆ ನಡುಗಿತು... ಸರಿಯಾಗಿ ತುತ್ತತುದಿಯಲ್ಲಿ, ತಲೆಕೆಳಗಾಗಿದ್ದಾಗಲೇ.

ಮುಂದಿನ ಸೀಟಿನಲ್ಲಿದ್ದ ಸುಮೇಧಾ ಹಲ್ಲು ಕಚ್ಚಿ, ವಿಮಾನ ನಡೆಸುವ ಸ್ಟಿಕ್ಕನ್ನು ಇನ್ನೂ ಬಿಗಿಯಾಗಿ ಎಳೆದಳು. "ಮತ್ತೆ ಕೈ ಹಾಕಿದ್ರು ಇವರು!" ಎಂದು ಒಳಗೊಳಗೇ ಬೈದುಕೊಂಡಳು.

ಇವರು ಎಂದರೆ ಹಿಂದಿನ ಸೀಟಿನ ಚೆಂಗಪ್ಪ ಸರ್. ವಾಯುಪಡೆಯಿಂದ ನಿವೃತ್ತರಾಗಿ, ಊರಾಚೆಯ ಪುಟ್ಟ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಸುತ್ತಿದ್ದರು. ವಯಸ್ಸು ಅರವತ್ತೆರಡು.

ಅವಳು ಕಲಿಯುತ್ತಿದ್ದದ್ದು ಲೂಪ್. ವಿಮಾನ ಜೋರಾಗಿ ಓಡಿ, ಮೂತಿ ಎತ್ತಿ, ಮೇಲೇರಿ, ತಲೆಕೆಳಗಾಗಿ, ಮತ್ತೆ ಹೊರಟಲ್ಲಿಗೇ ಇಳಿದು ಬರಬೇಕು... ಬಳೆಯ ಹಾಗೆ ದುಂಡಗೆ.

ದುಂಡಗೆ ಬಂತೋ ಇಲ್ಲವೋ ತಿಳಿಯಲು ಒಂದು ಗುರುತಿದೆ. ಸುತ್ತು ಮುಗಿಯುವಾಗ, ತಾನೇ ಕಲಕಿ ಬಿಟ್ಟುಹೋದ ಗಾಳಿಗೆ ವಿಮಾನ ತಾಗಿ ಒಮ್ಮೆ "ಧಡಕ್" ಎಂದು ಕುಲುಕುತ್ತದೆ.

ಇಪ್ಪತ್ತೆರಡು ಹಾರಾಟಗಳಾಗಿದ್ದವು. ಸುಮೇಧಾಗೆ ಆ ಧಡಕ್ ಒಂದು ಸಲವೂ ಸಿಕ್ಕಿರಲಿಲ್ಲ.

ಕೆಳಗಿಳಿದ ಮೇಲೆ ಚೆಂಗಪ್ಪ ಸರ್ ಹೆಲ್ಮೆಟ್ ತೆಗೆದು ನಕ್ಕರು. "ಏನಮ್ಮ, ಇವತ್ತೂ ಮೊಟ್ಟೆನೇ ಹಾಕಿದ್ಯಲ್ಲ! ಮೇಲುಗಡೆ ಚೂಪು, ಕೆಳಗಡೆ ದಪ್ಪ!"

ಅವರ ಹತ್ತಿರ ಯಾವಾಗಲೂ ನೋವಿನ ಮುಲಾಮಿನ ವಾಸನೆ. ಸುಮೇಧಾ ಮುಖ ತಿರುಗಿಸಿದಳು.

"ಸರ್, ನೀವೇ ಕೆಳಗೆ 'ಎಳಿ, ಎಳಿ' ಅಂತೀರ. ಮೇಲೆ ಹೋದ್ರೆ 'ಬಿಡು, ಬಿಡು' ಅಂತೀರ. ವೃತ್ತ ಅಂದ್ಮೇಲೆ ಎಲ್ಲಾ ಕಡೆ ಒಂದೇ ಥರ ಎಳೀಬೇಕಲ್ವಾ? ಭಾರ ತೋರಿಸೋ ಮೀಟರ್ ಮುಳ್ಳು ಮೂರೂವರೆ ಬಿಟ್ಟು ಅಲ್ಲಾಡದ ಹಾಗೆ ಹಿಡಿಯೋಕೆ ನೋಡ್ತಿದ್ದೆ!"

"ಅದೇ ನಿನ್ನ ತಪ್ಪು. ಮೇಲೆ ಹೋಗೋಷ್ಟರಲ್ಲಿ ನಿನ್ನ ವೇಗ ಅರ್ಧ ಆಗಿರುತ್ತೆ. ಅಷ್ಟೇ ಎಳೆಯೋಕೆ ಹೋದ್ರೆ ಗಾಳಿ ರೆಕ್ಕೆ ಬಿಟ್ಟು ಹೋಗುತ್ತೆ. ಅಲ್ಲಿ ಭೂಮಿ ಕೂಡ ನಿನ್ನ ಜೊತೆ ಸೇರಿ ಎಳೀತಿರುತ್ತೆ ಕಣಮ್ಮ... ನೀನು ಸ್ವಲ್ಪ ಸುಮ್ನಿರಬೇಕು."

ಸುಮ್ಮನಿರಬೇಕಂತೆ! ಸುಮ್ಮನಿರಲು ಇವರು ಬಿಟ್ಟರೆ ತಾನೇ? ತುದಿಗೆ ಹೋದಾಗಲೆಲ್ಲ ಸ್ಟಿಕ್ ಅವಳ ಕೈಯಲ್ಲಿ ಗಡಗಡ ಅಲುಗುತ್ತಿತ್ತು... ಹಿಂದಿನಿಂದ ಯಾರೋ ಕಿತ್ತುಕೊಳ್ಳುತ್ತಿರುವ ಹಾಗೆ. ಎರಡು ಸೀಟಿನ ಸ್ಟಿಕ್ಕುಗಳೂ ಒಂದಕ್ಕೊಂದು ಜೋಡಿಸಿದಂಥವು. ಮತ್ತಿನ್ಯಾರ ಕೈ ಅದು?

ತನ್ನ ಮೇಲೆ ಇವರಿಗೆ ನಂಬಿಕೆಯಿಲ್ಲ. ಇಷ್ಟೇ ಅವಳಿಗೆ ಅರ್ಥವಾದದ್ದು.

ಶನಿವಾರ ಪರೀಕ್ಷೆ. ಆಗಲೇ ಎರಡು ಸಲ ಫೇಲಾಗಿದ್ದಳು. ಮೂರನೇ ಸಲವೂ ತಪ್ಪಿದರೆ ಕ್ಲಬ್ಬಿನ ವಿಮಾನ ಪ್ರದರ್ಶನ ತಂಡದಿಂದ ಅವಳ ಹೆಸರು ಹೋದಂತೆಯೇ.

ಶುಕ್ರವಾರ ಬೆಳಿಗ್ಗೆ ಒಂದು ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಬಂದಳು. "ನನಗೆ ಬೇರೆ ಶಿಕ್ಷಕರನ್ನು ಕೊಡಿ..."

ಕ್ಲಬ್ಬಿನ ಆಫೀಸು ಇನ್ನೂ ತೆರೆದಿರಲಿಲ್ಲ. ಶೆಡ್ಡಿನಲ್ಲಿ ಮೆಕ್ಯಾನಿಕ್ ಸಿದ್ದರಾಜಣ್ಣ ವಿಮಾನದ ಹಿಂದಿನ ಸೀಟಿನೊಳಗೆ ಬಗ್ಗಿ, ತಲೆಯ ಮೇಲಿನ ಕಬ್ಬಿಣದ ಪೈಪಿಗೆ ಬಣ್ಣ ಹಚ್ಚುತ್ತಿದ್ದ.

"ಹೊಸಾ ಪೈಪಾ ಅಣ್ಣ?"

"ಎಲ್ಲಿ ಹೊಸದವ್ವಾ! ನೋಡು, ಎರಡು ಕಡೆ ಪೇಂಟ್ ಸವೆದೋಗದೆ. ತಿಂಗಳಿಗೊಂದು ಸಲ ನಂಗಿದೇ ಕೆಲ್ಸ."

"ಯಾಕೆ ಸವೆಯುತ್ತೆ?"

"ನಿಮ್ ಸಾರು ಹಿಡ್ಕೊತಾರಲ್ಲ! ನೀನು ಮೂತಿ ಎತ್ತಿದ್ ತಕ್ಷಣ ಎರಡು ಕೈನೂ ಮೇಲೆತ್ತಿ ಈ ಪೈಪ್ ಹಿಡ್ಕೊಂಡ್ರೆ, ಸುತ್ತು ಮುಗಿಯೋಗಂಟ ಬಿಡಾಕಿಲ್ವಂತೆ."

ಸುಮೇಧಾಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ... ಸ್ಟಿಕ್ಕು?"

"ಅದ ಮುಟ್ಟಬಾರ್ದು ಅಂತಲೇ ಇದ ಹಿಡ್ಕೊಳ್ಳೋದು ಕಣವ್ವ. 'ಕೈ ಕೆಳಗಿದ್ರೆ ತಡೆಯಕ್ಕಾಗಲ್ಲ ಸಿದ್ದರಾಜು, ಸಹಾಯ ಮಾಡ್ಬುಡ್ತೀನಿ. ನಾಲ್ಕು ಸಾವಿರ ಅಡಿ ಎತ್ತರ ಅದೆ, ತಪ್ಪು ಮಾಡೋಕೆ ಜಾಗ ಅದೆ, ಮಾಡ್ಲಿ' ಅಂದ್ರು. ನಿಂಗೆ ಹೇಳ್ಬ್ಯಾಡ ಅಂದಿದ್ರು... ಹಿಂದೆ ನನ್ ಕೈ ಅದೆ ಅನ್ನೋ ಧೈರ್ಯ ಮಗೂಗೆ ಇರ್ಲಿ ಅಂತ."

ಮೂತಿ ಎತ್ತುವಾಗ ದೇಹದ ಭಾರ ಮೂರೂವರೆ ಪಟ್ಟಾಗುತ್ತದೆ. ಸುಮೇಧಾಗೆ ಕೆನ್ನೆ ಸಹ ಜೋತುಬಿದ್ದ ಹಾಗಾಗುತ್ತಿತ್ತು. ಅಂಥದ್ದರಲ್ಲಿ ಎರಡು ತೋಳು ಮೇಲೆತ್ತಿ... ಇಪ್ಪತ್ತೆರಡು ಹಾರಾಟ...

ಮುಲಾಮಿನ ವಾಸನೆ ಯಾಕೆಂದು ಆಗ ಹೊಳೆಯಿತು.

ಹಾಗಾದರೆ ಇಷ್ಟು ದಿನ ತಾನು ಜಗಳವಾಡಿದ್ದು ಯಾರ ಜೊತೆ? ಅಲ್ಲಿ ಯಾರೂ ಇರಲಿಲ್ಲ. ಸಾಕು, ಇನ್ನು ಎಳೆಯಬೇಡ ಎಂದು, ಗಾಳಿ ಬಿಟ್ಟುಹೋದ ರೆಕ್ಕೆಯೇ ನಡುಗಿ ಸ್ಟಿಕ್ಕಿನ ಮೂಲಕ ಹೇಳುತ್ತಿತ್ತು!

ಶನಿವಾರ. ಪರೀಕ್ಷಕರು ಕೆಳಗೆ ಮೈದಾನದಲ್ಲಿ ನಿಂತು ನೋಡುತ್ತಿದ್ದರು. ವಿಮಾನದಲ್ಲಿ ಅವಳು ಮುಂದೆ, ಚೆಂಗಪ್ಪ ಸರ್ ಹಿಂದೆ.

ವೇಗ ಏರಿತು. ಎಳೆದಳು. ಎದೆಯ ಮೇಲೆ ಕಲ್ಲಿಟ್ಟಷ್ಟು ಭಾರ. ಭೂಮಿ ಕಾಣದಾಯಿತು, ಬರೀ ಆಕಾಶ...

ತುದಿ ಹತ್ತಿರವಾಯಿತು. ಸ್ಟಿಕ್ ನಡುಗತೊಡಗಿತು. ಹಳೆಯ ಹಟ "ಎಳಿ" ಎಂದಿತು. ಎಳೆಯಲೋ ಬಿಡಲೋ ತೋಚದೆ ಅರೆಗಳಿಗೆ ಕಳೆಯಿತು...

ಮೆಲ್ಲಗೆ ಬೆರಳು ಸಡಿಲಿಸಿದಳು.

ನಡುಕ ನಿಂತುಹೋಯಿತು. ಭಾರವೇ ಇಲ್ಲ. ಅವಳ ಜಡೆಯ ತುದಿ ಭುಜದ ಮೇಲೆ ತೇಲಿದಂತಾಯಿತು. ತಲೆ ಹಿಂದಕ್ಕೆ ಚೆಲ್ಲಿ ನೋಡಿದರೆ, ಭೂಮಿ ತಾನಾಗಿ ಮೇಲಿನಿಂದ ಇಳಿದು ಬರುತ್ತಿತ್ತು.

ವೇಗ ಕೂಡಿಕೊಂಡಾಗ ಮತ್ತೆ ಎಳೆದಳು. ವಿಮಾನ ನೇರವಾಯಿತು. ಆಗ...

ಧಡಕ್!

"ಸರ್! ಸರ್, ಅದು... ನೀವು ಮಾಡಿದ್ದಾ?"

ಹಿಂದಿನಿಂದ ಒದ್ದೆಯಾದ ದನಿಯೊಂದು ಹೆಡ್‌ಫೋನಿನಲ್ಲಿ ಕೇಳಿಸಿತು. "ನಾನೇನಮ್ಮ ಮಾಡ್ಲಿ... ನನ್ ಕೈ ಎರಡಕ್ಕೂ ಬಿಡುವಿರ್ಲಿಲ್ಲ."

ಸುಮೇಧಾ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಇಳಿದ ಮೇಲೆ ಪರೀಕ್ಷಕರು "ಪಾಸ್" ಎಂದರು. ಅವಳು ಜೇಬಿಗೆ ಕೈ ಹಾಕಿದಳು. ಪತ್ರವನ್ನು ನಿನ್ನೆಯೇ ಹರಿದು ಹಾಕಿದ್ದಳು... ಅಲ್ಲಿದ್ದದ್ದು ಹೊಸ ಮುಲಾಮಿನ ಡಬ್ಬಿ.

"ತೋಳಿಗೆ, ಸರ್..." ಎಂದಳು. ಡಬ್ಬಿಯನ್ನು ಅವರ ಕೈಗಿಟ್ಟಳು.

ನಮ್ಮನ್ನು ನಂಬಿದವರು ಕೆಲವೊಮ್ಮೆ ಸಹಾಯ ಮಾಡುವುದಿಲ್ಲ. ನೋವು ನುಂಗಿಕೊಂಡು ತಮ್ಮ ಕೈ ದೂರ ಇಟ್ಟಿರುತ್ತಾರೆ.

ನಿಮ್ಮ ದಾರಿಗೆ ಅಡ್ಡ ಬರುತ್ತಿದ್ದಾರೆ ಎಂದು ನೀವು ಸಿಟ್ಟಾಗಿರುವ ಆ ಒಬ್ಬರು... ಅವರ ಕೈ ನಿಜಕ್ಕೂ ಎಲ್ಲಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ?