ಹಣೆಯ ಟಿಕಳಿ

ಇಲ್ಲಿಂದ ಮುಕ್ಕಾಲು ಗಂಟೆಯಲ್ಲಿ ಲಂಡನ್ ಮುಟ್ಟುವ ವಿಮಾನದ ಮೂತಿಯನ್ನು ಶಿವಲೀಲಾ ದಿನವೂ ಹಾರುವ ಮುನ್ನ ಅಂಗೈಯಿಂದ ಸವರಿ ನೋಡಬೇಕು; ಅದೇ ಅವಳ ಕೆಲಸ. ಅಲ್ಲಿ ಸಾಸಿವೆಯಷ್ಟು ಉಬ್ಬಿದ್ದರೂ ಆ ವೇಗದಲ್ಲಿ ನಯವಾಗಿ ಹರಿಯುವ ಗಾಳಿ ಕದಡಿ, ಉರಿಯಾಗಿ, ಲೋಹವನ್ನೇ ಕರಗಿಸುತ್ತದೆ. ಕೊನೆಗೆ ಮೂತಿಗೆ ಹಣೆ ಮುಟ್ಟಿಸಿ ಕೈಮುಗಿಯುವುದು ಅವಳ ರೂಢಿ.

ಇಂದು ವಿಮಾನ ಏರಿದ ಮೇಲೆ ಜೊತೆಗಾತಿ ಗಂಗವ್ವ ಚಹಾ ಕೊಡುತ್ತ ಕೇಳಿದಳು: "ಯಾಕವ್ವಾ, ಹಣಿ ಬೋಳೈತಿ? ಟಿಕಳಿ ಹಚ್ಚಿಲ್ಲೇನ?"

ಹಚ್ಚಿದ್ದಳು, ಅಂಟಿಸುವ ಕೆಂಪು ಬೊಟ್ಟು. ಶಿವಲೀಲಾ ಸೆರಗು ಕೊಡವಿದಳು, ನೆಲ ತಡಕಿದಳು. ಎಲ್ಲೂ ಇಲ್ಲ. ಓಡಿಹೋಗಿ ನಿಯಂತ್ರಣ ಕೊಠಡಿಯ ಸಾಹೇಬರಿಗೆ ಫೋನ್ ಮಾಡಿದಳು.

"ಸಾಹೇಬ್ರ, ವೇಗ ಏರಿಸಬ್ಯಾಡ್ರಿ ಅಂತ ಪೈಲಟ್‌ಗೆ ಹೇಳ್ರಿ! ನನ್ನ ಟಿಕಳಿ ಮೂತಿಗೆ ಅಂಟಿಕೊಂಡೈತ್ರಿ!"

ಸಾಹೇಬರು ಬೈಯಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಈಗಷ್ಟ ಏರಿಸಿದ್ರವ್ವ," ಎಂದರು.

ಕಿಟಕಿಯಾಚೆ, ಹಾಡುಹಗಲ ಆಕಾಶದಲ್ಲಿ ಕೆಂಪು ಚುಕ್ಕೆಯೊಂದು ಹೊತ್ತಿಕೊಂಡಿತು. ಟಿಕಳಿಯಷ್ಟೇ ಇತ್ತು.