ಗೋಡೆಯಾಚೆಯ ಬಾವಿ

"ಇಲ್ಲಿ ಬೇಡ ಯಜಮಾನ್ರೇ, ಗೋಡೆಯಾಚೆ ಅವರ ಬಾವಿ ಇದೆ. ಹೊಲಸೆಲ್ಲ ಅದಕ್ಕೇ ಬಸಿಯುತ್ತೆ," ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಚಿಕ್ಕಲಿಂಗಯ್ಯ ಪಾಯಿಖಾನೆ ಗುಂಡಿಯನ್ನು ಅಲ್ಲೇ ತೋಡಿಸಿದ್ದ. ಪಕ್ಕದ ಮನೆಯವರ ಮೇಲೆ ಅವನಿಗೆ ಅಷ್ಟು ಹಗೆ.

ಮಳೆಗಾಲ ಕಳೆದ ಮೇಲೆ ನೀರಿನ ಪರೀಕ್ಷೆಯವರು ಬಂದು, ಆ ಬಾವಿಯ ತುಂಬ ರೋಗದ ಕ್ರಿಮಿಗಳಿವೆ, ಯಾರೂ ಕುಡಿಯಬೇಡಿ ಎಂದು ಹೇಳಿ ಹೋದರು. ಜಗುಲಿಯಲ್ಲಿ ಕೂತು ಕೇಳಿಸಿಕೊಂಡ ಚಿಕ್ಕಲಿಂಗಯ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಳಗಿದ್ದ ಹೆಂಡತಿಯನ್ನು ಕೂಗಿ ನೀರು ತರಿಸಿಕೊಂಡು, ಚೊಂಬು ಎತ್ತಿ ಗಟಗಟನೆ ಕುಡಿದ.

"ನಮ್ಮ ಬಾವಿ ನೀರು ಅಂದ್ರೆ ಅಮೃತ ಕಣೇ."

"ನಮ್ಮ ಬಾವಿ ನೀರಲ್ಲಿ ಬೇಳೆನೂ ಬೇಯಲ್ಲ ಕಣ್ರೀ," ಎಂದಳು ಹೆಂಡತಿ. "ನಾನು ಈ ಮನೆಗೆ ಬಂದಾಗಿನಿಂದ ಕುಡಿಯೋಕೆ, ಅಡುಗೆಗೆ ಎಲ್ಲ ಹಿತ್ತಲಿಂದ ಹೋಗಿ ಅವರ ಬಾವಿದೇ ತರ್ತಿರೋದು."