ಅರ್ಧಕ್ಕೆ ಮುಚ್ಚಿಟ್ಟ ಪುಸ್ತಕ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಸುದರ್ಶನನದೊಂದು ಮೆಡಿಕಲ್ ಶಾಪ್...

ಮಕ್ಕಳಿಗೆ ಸಿರಪ್ ಬೇಕೆಂದು ಯಾರೇ ಬರಲಿ, ಅವನ ಮೊದಲ ಪ್ರಶ್ನೆ ಒಂದೇ. "ಮಗುವಿಗೆ ವಯಸ್ಸೆಷ್ಟು?"

ಔಷಧಿಗೆ ಕೇಳುವ ಈ ಪ್ರಶ್ನೆಯನ್ನು ಅವನು ಪುಸ್ತಕಕ್ಕೂ ಕೇಳುತ್ತಿದ್ದ.

ಒಬ್ಬಳೇ ಮಗಳು ಇಂಚರ. ಹದಿಮೂರು ತುಂಬಿದ ಹುಡುಗಿ. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ, ಸ್ಕೂಲ್ ವ್ಯಾನಿನಲ್ಲೂ ಪುಸ್ತಕ...

ಅವಳ ತಾಯಿ ರೋಹಿಣಿ ಕಾಯಿಲೆ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ಕಣ್ಣಲ್ಲಿ ನೀರು ತರಿಸುವಂಥದ್ದು ಯಾವುದೂ ಇನ್ನು ಮನೆಯೊಳಗೆ ಬರಕೂಡದು ಎಂದು ಸುದರ್ಶನ ಅಂದೇ ನಿಶ್ಚಯಿಸಿದ್ದ.

ಗೋಡೆಯ ಮೇಲಿದ್ದ ಫೋಟೋ ಬೀರುವಿನೊಳಗೆ ಹೋಯಿತು. ರೋಹಿಣಿಯ ಹೆಸರೆತ್ತಬೇಡ ಎಂದು ತನ್ನ ತಾಯಿ ತುಂಗಮ್ಮನವರಿಗೂ ಹೇಳಿಟ್ಟ...

ಪುಸ್ತಕದಂಗಡಿಗೆ ಹೋದರೂ ಇದೇ ಕಾವಲು. ಗುಹೆ, ನಿಧಿ, ದೋಣಿ, ಕಾಡಿನಲ್ಲಿ ದಾರಿ ತಪ್ಪುವ ಮಕ್ಕಳು... ಇಂಥ ಸಾಹಸ ಕಾದಂಬರಿಗಳಿಗೆ ಅಡ್ಡಿಯಿಲ್ಲ. ಕಥೆಯಲ್ಲಿ ಯಾರಾದರೂ ಸಾಯುತ್ತಾರೆಂದು ಗೊತ್ತಾದರೆ ಮಾತ್ರ ಪುಸ್ತಕ ವಾಪಸ್ ಶೆಲ್ಫಿಗೆ.

"ನಾನೇನು ಪಾಪುನಾ ಅಪ್ಪ?" ಎಂದು ಇಂಚರ ಮುಖ ಊದಿಸುತ್ತಿದ್ದಳು.

ಒಂದು ಶನಿವಾರ ಅವಳು ಸ್ಕೂಲ್ ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದಳು. ಲೈಬ್ರರಿ ಮೇಡಂ ತಾವೇ ಓದಿ ನೋಡಿ, ನಿನ್ನ ವಯಸ್ಸಿನವರು ಓದಬಹುದು ಎಂದು ಕೊಟ್ಟದ್ದು.

ಮುಂದೆಂದೋ ಬರುವ ಕಾಲದ ಕಥೆ. ಅಲ್ಲೊಂದು ನಗರ... ಸತ್ತವರ ಹೆಸರು ಹೇಳುವುದೇ ಅಲ್ಲಿ ಅಪರಾಧ. ಅವರ ಫೋಟೋ ಇಟ್ಟುಕೊಳ್ಳುವಂತಿಲ್ಲ. ಅಳುವಂತಿಲ್ಲ. ಎಲ್ಲರೂ ಸದಾ ನಗುತ್ತಿರಬೇಕು ಎಂಬುದೇ ಕಾನೂನು.

ಮಗಳು ನೀರು ಕುಡಿಯಲು ಎದ್ದುಹೋದಾಗ ಸುದರ್ಶನ ತೆರೆದಿದ್ದ ಪುಟದ ಮೇಲೆ ಕಣ್ಣಾಡಿಸಿದ. ಕಥೆಯ ಹುಡುಗಿಯ ತಾಯಿ ಅದೇ ಪುಟದಲ್ಲಿ ಪ್ರಾಣ ಬಿಡುತ್ತಿದ್ದಳು.

ಮಗಳು ವಾಪಸ್ ಬರುವಷ್ಟರಲ್ಲಿ ಅವನು ಪುಸ್ತಕ ಮುಚ್ಚಿದ್ದ. ಇದು ನಿನ್ನ ವಯಸ್ಸಿಗಲ್ಲ ಎಂದಷ್ಟೇ ಹೇಳಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಇಂಚರ ಜಗಳವಾಡಲಿಲ್ಲ...

ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಹೋಗತೊಡಗಿದಳು. ಅಪ್ಪ ತಂದುಕೊಟ್ಟ ಹೊಸ ಪುಸ್ತಕಗಳನ್ನು ಮುಟ್ಟಲಿಲ್ಲ. ಏನಾಯಿತು ಎಂದು ಕೇಳಿದರೆ ಏನಿಲ್ಲವೆಂದು ನಗುತ್ತಿದ್ದಳು. ಆ ನಗು ನೋಡಿದರೆ ಅವಳು ಅತ್ತಿದ್ದರೇ ವಾಸಿಯಿತ್ತು ಎನ್ನಿಸುತ್ತಿತ್ತು ಸುದರ್ಶನನಿಗೆ.

ಮುಂದಿನ ವಾರದ ಭಾನುವಾರ, ಬತ್ತಿ ಹೊಸೆಯುತ್ತ ಕೂತಿದ್ದ ತುಂಗಮ್ಮ ಮಗನನ್ನು ಹತ್ತಿರ ಕರೆದರು. ಕಾವ್ಯವಾಚನ ಕೇಳಿಕೊಂಡೇ ಬೆಳೆದ ಜೀವ ಅದು. ಅವರ ತಂದೆ ಸಂಜೆ ಹೊತ್ತು ರಾಗವಾಗಿ ಓದಲು ಕೂತರೆ ಇಡೀ ಬೀದಿ ಬಂದು ಜಗಲಿಯಲ್ಲಿ ಸೇರುತ್ತಿತ್ತಂತೆ.

"ಯಾವ ಜಾಗದಲ್ಲಿ ಪುಸ್ತಕ ಕಿತ್ಕೊಂಡ್ಯೋ?"

"ಆ ಹುಡುಗಿ ತಾಯಿ ಸಾಯೋ ಜಾಗದಲ್ಲಿ. ಅದಕ್ಕೇ ತಾನೇ ಅಮ್ಮ ಕಿತ್ಕೊಂಡಿದ್ದು."

ತುಂಗಮ್ಮ ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗಿಟ್ಟರು.

"ಸಾವಿನ ಭಾಗ ಬಂದ ದಿವಸ ನಮ್ಮಪ್ಪ ಅಲ್ಲಿಗೇ ಪುಸ್ತಕ ಮುಚ್ತಿರ್ಲಿಲ್ಲ ಕಣೋ. ಎಷ್ಟು ಹೊತ್ತಾದ್ರೂ ಸರಿ, ಒಂದು ಒಳ್ಳೇ ಪದ್ಯ ಬರೋವರೆಗೂ ಓದಿ ಆಮೇಲೇ ಮಂಗಳಾರತಿ. ಕೇಳೋಕೆ ಬಂದೋರನ್ನ ಅಳಿಸಿ ಹಾಗೇ ಮನೆಗೆ ಕಳಿಸಬಾರ್ದು ಅನ್ನೋರು... ನೀನು ಮಗೂನ ಅಲ್ಲೇ ಬಿಟ್ಟುಬಂದಿದೀಯಲ್ಲೋ."

ಆಂಟಿಬಯಾಟಿಕ್ ಕೊಡುವಾಗಲೆಲ್ಲ, ಅರ್ಧಕ್ಕೆ ನಿಲ್ಲಿಸಬೇಡಿ, ಕೋರ್ಸ್ ಪೂರ್ತಿ ಮಾಡಿ ಎಂದು ಊರಿಗೇ ಬುದ್ಧಿ ಹೇಳುವ ಮನುಷ್ಯ, ಬೀಗದ ಕೈ ಎತ್ತಿಕೊಂಡ.

ಹೋಗಿ ಬೀರು ತೆರೆದ. ಪುಸ್ತಕವನ್ನು ಅವನು ಇಟ್ಟಿದ್ದು ರೋಹಿಣಿಯ ಫೋಟೋದ ಪಕ್ಕದಲ್ಲೇ...

ಮಗಳ ಎದುರು ಕೂತು, ನಿನಗೆ ದುಃಖವಾಗುತ್ತದೆಂದು ಹೆದರಿಬಿಟ್ಟೆ ಎಂದು ಹೇಳಿಕೊಂಡ.

ಇಂಚರ ಪುಸ್ತಕದ ರಟ್ಟನ್ನು ಸವರುತ್ತ ಮೆಲ್ಲಗೆ ಹೇಳಿದಳು.

"ಅವಳಮ್ಮ ಬದುಕಲ್ಲ ಅಂತ ನಂಗೆ ಮೊದ್ಲೇ ಗೊತ್ತಾಗಿತ್ತು ಅಪ್ಪ. ಆಮೇಲೆ ಅವಳು ಹೇಗಿರ್ತಾಳೆ ಅಂತ ನೋಡ್ಬೇಕಿತ್ತು..."

ಸ್ವಲ್ಪ ತಡೆದು ಅಂದಳು. "ಆ ಊರು ನಮ್ಮನೆ ಥರಾನೇ ಇದೆ ಅಪ್ಪ. ಅಲ್ಲೂ ಯಾರೂ ಹೆಸರು ಹೇಳಲ್ಲ."

ಸುದರ್ಶನನ ಕಣ್ಣು ಮಂಜಾಯಿತು...

ಅಂದು ಮಧ್ಯಾಹ್ನ, ಅವಳು ನಿಲ್ಲಿಸಿದ್ದ ಪುಟದಿಂದ ಅವನೇ ಗಟ್ಟಿಯಾಗಿ ಓದಿದ. ತುಂಗಮ್ಮ ಪುರಾಣ ಕೇಳುವವರ ಹಾಗೆ ಕೈಮುಗಿದುಕೊಂಡು ಕೂತರು. ಕಥೆಯ ಹುಡುಗಿ ಕಾವಲಿನವರ ಕಣ್ಣು ತಪ್ಪಿಸಿ ಗೋಡೆ ಹಾರಿದಾಗ, "ಬೆಳಗ್ಗಿಂದ ಏನಾದ್ರೂ ತಿಂದಿದ್ಯೇನೋ ಆ ಕೂಸು?" ಎಂದರು. ಇಂಚರ ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕಳು.

ಕೊನೆಯ ಅಧ್ಯಾಯ... ಆ ಹುಡುಗಿ ನಡು ಮಾರ್ಕೆಟ್ಟಿನಲ್ಲಿ ನಿಂತು ತನ್ನ ತಾಯಿಯ ಹೆಸರು ಕೂಗುತ್ತಾಳೆ. ಇಡೀ ಊರು ಸ್ತಬ್ಧ. ಆಮೇಲೆ ಒಬ್ಬ ಮುದುಕ ತನ್ನ ಹೆಂಡತಿಯ ಹೆಸರು ಹೇಳುತ್ತಾನೆ. ನಿಧಾನವಾಗಿ ಎಲ್ಲರೂ ತಮ್ಮ ತಮ್ಮವರ ಹೆಸರು...

ಸುದರ್ಶನ ಪುಸ್ತಕವನ್ನು ಮಗಳ ಕೈಗೆ ಕೊಟ್ಟ. ಉಳಿದ ಸಾಲುಗಳನ್ನು ಇಂಚರಳೇ ಓದಿ ಮುಗಿಸಿದಳು.

ಪುಸ್ತಕ ಮುಚ್ಚಿ ಅಪ್ಪನ ಕಡೆ ನೋಡಿದಳು.

"ರೋಹಿಣಿ..." ಎಂದ ಸುದರ್ಶನ. ಎರಡು ವರ್ಷದ ಮೇಲೆ ಆ ಮನೆಯಲ್ಲಿ ಕೇಳಿಬಂದ ಹೆಸರು.

"ನಿಮ್ಮಮ್ಮ ಯಾವ ಪುಸ್ತಕ ತಂದ್ರೂ ಮೊದ್ಲು ಕೊನೇ ಪುಟ ಓದ್ತಿದ್ಲು ಪುಟ್ಟಿ. ಎಲ್ರೂ ಚೆನ್ನಾಗಿದಾರೆ ಅಂತ ಗೊತ್ತಾದ್ಮೇಲೇ ಶುರು ಮಾಡೋಳು. ಅಷ್ಟು ಪುಕ್ಕಲು."

"ನಂಗೆ ಹೇಳೇ ಇಲ್ವಲ್ಲ ಅಪ್ಪ ನೀನು..." ಇಂಚರ ನಗುನಗುತ್ತಲೇ ಅಪ್ಪನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಈ ಸಲ ಅವನು ತಡೆಯಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋಟೋ ಮತ್ತೆ ಗೋಡೆಯ ಮೇಲಿತ್ತು. ಓದು ಮುಗಿಯಿತೆಂದು ತುಂಗಮ್ಮ ಮಂಗಳಾರತಿ ಹಾಡಿದರು.

ಮಗಳ ಪುಸ್ತಕಕ್ಕೆ ಸುದರ್ಶನ ಈಗಲೂ ವಯಸ್ಸು ಕೇಳುತ್ತಾನೆ. ಕೇಳಲೇಬೇಕು... ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗಲ್ಲ. ಆದರೆ ಒಂದು ಪುಟ ನೋಡಿ ಬೀಗ ಹಾಕುವುದಿಲ್ಲ. ತಾನೂ ಕೊನೆಯವರೆಗೆ ಓದುತ್ತಾನೆ. ಕಥೆ ಮಗುವನ್ನು ಕತ್ತಲೆಗೆ ಕರೆದೊಯ್ದರೆ, ಕೈ ಹಿಡಿದು ವಾಪಸ್ ಕರೆತರುತ್ತದೆಯೇ ಎಂದು ನೋಡುತ್ತಾನೆ.

ಮಕ್ಕಳಿಗೆ ದುಃಖವೇ ಇಲ್ಲದ ಪುಸ್ತಕ ಹುಡುಕುವುದಕ್ಕಿಂತ, ದುಃಖ ದಾಟಿಸುವ ಪುಸ್ತಕ ಹುಡುಕಿ ಜೊತೆಯಲ್ಲಿ ಕೂತು ಓದುವುದು ದೊಡ್ಡ ಪ್ರೀತಿ.

ನಿಮ್ಮ ಮನೆಯ ಬೀರುವಿನಲ್ಲೂ ಅರ್ಧಕ್ಕೆ ಮುಚ್ಚಿಟ್ಟದ್ದು ಏನಾದರೂ ಇದೆಯೇ...?